ಕಂದು ಲಕೋಟೆಯಲ್ಲಿ ಬರುತ್ತಿದ್ದ ಪತ್ರಿಕೆ: ಲೆಸ್ಬಿಯನ್ ಪತ್ರಿಕೆಗಳ ಮೊದಲ ದಿನಗಳು

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಐಪಿಸಿ 377ನೇ ಕಲಮಿನ ಹಲ್ಲು ಕಿತ್ತಿತು. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ, ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗದ ಕೆಲಸ ಎಂದು ಹೇಳಿತು. ಈ ಎರಡು ತೀರ್ಪುಗಳ ನಡುವೆ, ಅಲ್ಲಿಯವರೆಗೆ ನಮ್ಮ ಪತ್ರಿಕೆಗಳಲ್ಲಿ ಅಷ್ಟಾಗಿ ಕಾಣದಿದ್ದ ಮಾತುಗಳು ದಿನನಿತ್ಯದ ಸುದ್ದಿಗೆ ಬಂದವು. ಜೊತೆಗೇ ಹಲವರ ತಲೆಯಲ್ಲಿ ಒಂದು ಪ್ರಶ್ನೆಯೂ ಬಂತು: ಮೊಬೈಲು, ಇಂಟರ್ನೆಟ್ ಇಲ್ಲದ ಕಾಲದಲ್ಲಿ ಈ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದಾದರೂ ಹೇಗೆ?

ಇದಕ್ಕೆ ಉತ್ತರ ಬಹುಮಟ್ಟಿಗೆ ಕಾಗದದಲ್ಲಿದೆ. ಟೈಪು ಮಾಡಿದ, ಸೈಕ್ಲೋಸ್ಟೈಲ್ ಮಾಡಿದ, ಅಂಚೆಯಲ್ಲಿ ಹೋದ ಪುಟ್ಟ ಪತ್ರಿಕೆಗಳಲ್ಲಿ. ಅವುಗಳಲ್ಲಿ ಏನು ಅಚ್ಚಾಗುತ್ತಿತ್ತು ಎಂಬುದಕ್ಕಿಂತ ಅವು ಯಾರ ಮನೆಗೆ, ಹೇಗೆ ತಲುಪುತ್ತಿದ್ದವು ಎಂಬ ಕಥೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಹೆಚ್ಚಿನ ಜಗಳಗಳೂ ಅಲ್ಲೇ ಆದವು.

ಮೊದಲು ಒಂದೆರಡು ಮಾತಿನ ಅರ್ಥ

ಹೆಣ್ಣಿನತ್ತಲೇ ಒಲವಿರುವ ಹೆಣ್ಣನ್ನು ಲೆಸ್ಬಿಯನ್ ಎನ್ನುತ್ತಾರೆ. ಗ್ರೀಸಿನ ಲೆಸ್ಬೋಸ್ ದ್ವೀಪದಿಂದ ಬಂದ ಹೆಸರಿದು. ಕ್ರಿಸ್ತಪೂರ್ವ ಆರನೇ ಶತಮಾನದ ಆಸುಪಾಸಿನಲ್ಲಿ ಅಲ್ಲಿದ್ದ ಸ್ಯಾಫೊ ಎಂಬ ಕವಯಿತ್ರಿ ಹೆಣ್ಣಿನ ಮೇಲಿನ ಪ್ರೀತಿಯನ್ನು ಹಾಡಿದವಳು. ಮುಂದೆ ಇವಳ ಹೆಸರು ಮತ್ತೆ ಮತ್ತೆ ಬರುತ್ತದೆ. ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಲಿಂಗ ಪ್ರೇಮಿಗಳೆಲ್ಲರನ್ನೂ ಸೇರಿಸಿ ಹೇಳುವಾಗ ಕರ್ನಾಟಕದ ಸಂಘಟನೆಗಳು 'ಲೈಂಗಿಕ ಅಲ್ಪಸಂಖ್ಯಾತರು' ಎನ್ನುವುದುಂಟು.

ಕಾನೂನಿನ ಪುಸ್ತಕದಲ್ಲೇ ಇಲ್ಲದವರು

ಇಪ್ಪತ್ತನೇ ಶತಮಾನದ ಮೊದಲಲ್ಲಿ ಹಲವು ದೇಶಗಳು ಗಂಡಸರ ಸಲಿಂಗ ಸಂಬಂಧವನ್ನು ಅಪರಾಧ ಎಂದಿದ್ದವು. ಜರ್ಮನಿಯ 175ನೇ ಕಲಮು ಗಂಡಸರಿಗಷ್ಟೇ ಅನ್ವಯಿಸುತ್ತಿತ್ತು. ಬ್ರಿಟನ್ನಿನಲ್ಲೂ ಹಾಗೆಯೇ. ಹಾಗಾದರೆ ಹೆಂಗಸರ ಮೇಲೆ ಕರುಣೆಯಿತ್ತೇ? 1921ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಡೆದದ್ದನ್ನು ನೋಡಿದರೆ ಉತ್ತರ ಗೊತ್ತಾಗುತ್ತದೆ. ಹೆಂಗಸರ ನಡುವಿನ ಸಂಬಂಧವನ್ನೂ ಅಪರಾಧವಾಗಿಸುವ ಒಂದು ತಿದ್ದುಪಡಿ ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆಯ ಪ್ರಭುಗಳು ಅದನ್ನು ಬೀಳಿಸಿದರು. ಅವರು ಕೊಟ್ಟ ಕಾರಣ ಗಮನಿಸಬೇಕಾದದ್ದು: ಕಾನೂನು ಮಾಡಿದರೆ ಸುದ್ದಿಯಾಗುತ್ತದೆ, ಇಂಥದ್ದೊಂದು ಇದೆ ಎಂದು ಗೊತ್ತೇ ಇಲ್ಲದ ಸಾವಿರಾರು ಹೆಂಗಸರಿಗೆ ನಾವೇ ತಿಳಿಸಿಕೊಟ್ಟಂತಾಗುತ್ತದೆ.

ಗಂಡಸರಿಗೆ ಜೈಲು, ಹೆಂಗಸರಿಗೆ ಮೌನ. ಹಳ್ಳಿಯಲ್ಲೋ ಸಣ್ಣ ಊರಲ್ಲೋ ಇದ್ದ ಹೆಣ್ಣಿಗೆ ತನ್ನಂಥವರು ಇನ್ನೊಬ್ಬರಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಆದ್ದರಿಂದ 'ನಾವಿದ್ದೇವೆ' ಎಂದು ಅಚ್ಚು ಹಾಕುವುದೇ ಇಲ್ಲಿ ಮೊದಲ ಹೋರಾಟವಾಯಿತು. ಮೆರವಣಿಗೆ, ಧರಣಿಗಳೆಲ್ಲ ದಶಕಗಳ ನಂತರದ ಮಾತು.

ಬರ್ಲಿನ್ನಿನ ಪತ್ರಿಕೆ ಅಂಗಡಿಗಳಲ್ಲಿ

ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ರಾಜಪ್ರಭುತ್ವ ಹೋಗಿ ಗಣರಾಜ್ಯ ಬಂತು, ಸೆನ್ಸಾರ್ ಸಡಿಲವಾಯಿತು. 1924ರಲ್ಲಿ ಬರ್ಲಿನ್ನಿನಿಂದ 'ಡಿ ಫ್ರಾಯಿಂಡಿನ್' ಎಂಬ ಪತ್ರಿಕೆ ಹೊರಟಿತು. ಹೆಸರಿನ ಅರ್ಥ 'ಗೆಳತಿ'. ಪ್ರಕಾಶಕ ಫ್ರೀಡ್ರಿಶ್ ರಾಡ್ಸುವೈಟ್ ಗಂಡಸು. ಸಲಿಂಗ ಪ್ರೇಮಿಗಳ ಹಕ್ಕಿಗಾಗಿ ದೊಡ್ಡದೊಂದು ಸಂಘ ನಡೆಸುತ್ತಿದ್ದವನು. ಪತ್ರಿಕೆ ಗುಟ್ಟಾಗಿ ಕೈಯಿಂದ ಕೈಗೆ ಹೋಗುತ್ತಿರಲಿಲ್ಲ, ರಸ್ತೆ ಬದಿಯ ಅಂಗಡಿಗಳಲ್ಲೇ ಮಾರಾಟವಾಗುತ್ತಿತ್ತು. ಕಥೆ, ಕವಿತೆ, ಲೇಖನಗಳ ಜೊತೆಗೆ ಹೆಂಗಸರ ನೃತ್ಯಕೂಟಗಳ ಜಾಹೀರಾತು ಮತ್ತು 'ಗೆಳತಿ ಬೇಕಾಗಿದ್ದಾಳೆ' ಎಂಬ ಬಗೆಯ ವೈಯಕ್ತಿಕ ಜಾಹೀರಾತುಗಳು ಅದರಲ್ಲಿರುತ್ತಿದ್ದವು.

1926ರಲ್ಲಿ ಸೆಲ್ಲಿ ಎಂಗ್ಲರ್ ಎಂಬಾಕೆ ಹೆಂಗಸರೇ ನಡೆಸುವ ಪತ್ರಿಕೆ ಶುರುಮಾಡಿದಳು. ಅದು ಹೆಚ್ಚು ದಿನ ಬಾಳಲಿಲ್ಲ. ಅದೇ ವರ್ಷ ಲೊಟ್ಟೆ ಹಾಮ್ ಎಂಬವಳು 'ವಿಯೊಲೆಟ್ಟಾ' ಎಂಬ ಮಹಿಳಾ ಕ್ಲಬ್ ಕಟ್ಟಿದಳು. ಪತ್ರಿಕೆ ಕ್ಲಬ್ಬಿಗೆ ಜನರನ್ನು ಕಳಿಸುತ್ತಿತ್ತು, ಕ್ಲಬ್ಬು ಪತ್ರಿಕೆಗೆ ಓದುಗರನ್ನು ಕೊಡುತ್ತಿತ್ತು.

ಆದರೆ 1926ರಲ್ಲೇ ಜರ್ಮನ್ ಪಾರ್ಲಿಮೆಂಟು 'ಕಸ ಮತ್ತು ಕೊಳಕು ಬರಹ'ಗಳಿಂದ ಯುವಜನರನ್ನು ಕಾಪಾಡುವ ಕಾನೂನೊಂದನ್ನು ತಂದಿತು. ಆ ಕಾನೂನಿನ ಪಟ್ಟಿಗೆ ಸೇರಿದ ಪತ್ರಿಕೆಯನ್ನು ಅಂಗಡಿಯಲ್ಲಿ ತೂಗುಹಾಕುವಂತಿಲ್ಲ. 'ಡಿ ಫ್ರಾಯಿಂಡಿನ್' 1928ರಲ್ಲಿ ನಿಂತಿತು. ಕೆಲಕಾಲ ಬೇರೆ ಹೆಸರಿನ ಪತ್ರಿಕೆ ಅದರ ಜಾಗ ತುಂಬಿತು, ಆಮೇಲೆ ಹಳೆಯ ಹೆಸರೇ ಮರಳಿತು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರ ಹಿಡಿದ. ಮಾರ್ಚಿನಲ್ಲಿ ಬಂದದ್ದೇ ಕೊನೆಯ ಸಂಚಿಕೆ. ಅಂಥ ಪತ್ರಿಕೆಗಳೂ ಕ್ಲಬ್ಬುಗಳೂ ಒಟ್ಟಿಗೇ ಮುಚ್ಚಿದವು.

ಲಾಸ್ ಏಂಜಲಿಸ್‌ನ ಟೈಪಿಸ್ಟ್

ಮುಂದಿನ ಕಥೆ ಅಮೆರಿಕದ್ದು. ಬರ್ಲಿನ್ನಿನಲ್ಲಿ ಹೀಗೊಂದು ಪತ್ರಿಕೆ ಇತ್ತೆಂದು ಗೊತ್ತಿದ್ದು ಶುರುವಾದದ್ದಲ್ಲ ಇದು.

1947ರಲ್ಲಿ ಈಡಿತ್ ಐಡಿ ಎಂಬ ಇಪ್ಪತ್ತೈದರ ಹೆಂಗಸು ಲಾಸ್ ಏಂಜಲಿಸ್‌ನ ಆರ್‌ಕೆಓ ಸಿನಿಮಾ ಸ್ಟುಡಿಯೊದಲ್ಲಿ ಸೆಕ್ರೆಟರಿ ಆಗಿದ್ದಳು. ಅಲ್ಲಿ ಕೆಲಸ ಕಡಿಮೆ. ಆದರೆ ಸುಮ್ಮನೆ ಕೂತಿದ್ದು ಕಾಣಬಾರದು, ಏನಾದರೂ ಮಾಡುತ್ತಿರುವ ಹಾಗೆ ಇರಬೇಕು ಎಂಬುದು ಮೇಲಧಿಕಾರಿಯ ಆಣತಿ. ಅವಳು ಟೈಪ್‌ರೈಟರಿನ ಮುಂದೆ ಕೂತು ತನ್ನದೇ ಪತ್ರಿಕೆ ಹೊಡೆಯತೊಡಗಿದಳು. ಹೆಸರು 'ವೈಸ್ ವರ್ಸಾ'. ಅಮೆರಿಕದಲ್ಲಿ ಲೆಸ್ಬಿಯನ್ನರಿಗಾಗಿ ಹೊರಟ ಮೊದಲ ಪತ್ರಿಕೆ ಎಂದು ಗುರುತಿಸುವುದು ಇದನ್ನೇ.

ಅಚ್ಚು ಹಾಕಿಸಲು ಪ್ರೆಸ್ಸಿಗೆ ಕೊಡುವಂತಿರಲಿಲ್ಲ, ಕಂಪೋಸಿಂಗ್ ಮಾಡುವವನು ಓದಿಬಿಡುತ್ತಾನೆ. ಉಳಿದದ್ದು ಕಾರ್ಬನ್ ಹಾಳೆ. ಬಿಳಿ ಹಾಳೆಗಳ ನಡುವೆ ಒಂದೊಂದು ಕಾರ್ಬನ್ ಇಟ್ಟು, ಎಲ್ಲವನ್ನೂ ಒಟ್ಟಿಗೆ ರೋಲರಿಗೆ ಸಿಕ್ಕಿಸಿ, ಕೀಲಿಯನ್ನು ಗಟ್ಟಿಯಾಗಿ ಕುಟ್ಟಬೇಕು. ಕಿರಾಣಿ ಅಂಗಡಿಯ ಬಿಲ್ ಪುಸ್ತಕದಲ್ಲಿ ಮೇಲೆ ಬರೆದದ್ದು ಕೆಳಗಿನ ಹಾಳೆಗೂ ಇಳಿಯುವಂತೆ ಅಕ್ಷರ ಎಲ್ಲ ಹಾಳೆಗೂ ಇಳಿಯುತ್ತದೆ. ಆದರೆ ಕೆಳಕ್ಕೆ ಹೋದಷ್ಟೂ ಮಸುಕು. ತಪ್ಪು ಹೊಡೆದರೆ ಒಂದೊಂದು ಪ್ರತಿಯಲ್ಲೂ ಬೇರೆಬೇರೆಯಾಗಿ ಅಳಿಸಬೇಕು. ಒಂದು ಸಲಕ್ಕೆ ಆಗುತ್ತಿದ್ದದ್ದು ಐದಾರು ಪ್ರತಿ. ಅವಳು ಇಡೀ ಸಂಚಿಕೆಯನ್ನು ಎರಡು ಸಲ ಟೈಪು ಮಾಡುತ್ತಿದ್ದಳು. ಒಟ್ಟು ಹತ್ತು ಹನ್ನೆರಡು ಪ್ರತಿ, ಅಷ್ಟೇ.

ಸಿನಿಮಾ ವಿಮರ್ಶೆ, ಪುಸ್ತಕ ವಿಮರ್ಶೆ, ಕವಿತೆ, ಕಥೆ, ಸಂಪಾದಕೀಯ, ಓದುಗರ ಪತ್ರ ಎಲ್ಲವೂ ಅದರಲ್ಲಿದ್ದವು. ಯಾರ ಹೆಸರೂ ಇರಲಿಲ್ಲ, ಸಂಪಾದಕಿಯದೂ ಇಲ್ಲ. ಮೊದಲಿಗೆ ಕೆಲವು ಪ್ರತಿಗಳನ್ನು ಅಂಚೆಗೆ ಹಾಕಿದಳು. 'ಅಂಚೆಯಲ್ಲಿ ಕಳಿಸಬೇಡ, ಜೈಲಿಗೆ ಹೋಗುತ್ತೀಯ' ಎಂದು ಪರಿಚಯದವರೊಬ್ಬರು ಎಚ್ಚರಿಸಿದ ಮೇಲೆ ಅದನ್ನು ನಿಲ್ಲಿಸಿ ಕೈಯಲ್ಲೇ ಹಂಚಿದಳು. ಇಫ್ ಕ್ಲಬ್ ಎಂಬ ಹೆಂಗಸರ ಬಾರಿನಲ್ಲೂ ಕೊಡುತ್ತಿದ್ದಳು. ಓದಿ ಎಸೆಯಬೇಡಿ, ಇನ್ನೊಬ್ಬಳಿಗೆ ದಾಟಿಸಿ ಎಂಬುದು ಅವಳ ಕೋರಿಕೆ. ಆದ್ದರಿಂದ ಹತ್ತು ಪ್ರತಿಗೆ ಓದುಗರು ಎಷ್ಟು ಮಂದಿ ಎಂದು ಲೆಕ್ಕ ಹಾಕುವಂತಿಲ್ಲ.

ಇಂಥ ಪತ್ರಿಕೆ ಮುಂದೊಂದು ದಿನ ಮಿಕ್ಕ ಪತ್ರಿಕೆಗಳ ಜೊತೆ ಅಂಗಡಿಯಲ್ಲಿ ಇರಬಹುದು ಎಂದು 1947ರಲ್ಲೇ ಅವಳು ಬರೆದಿದ್ದಳು. 1948ರ ಫೆಬ್ರವರಿಗೆ ಒಂಬತ್ತು ಸಂಚಿಕೆ ಆಗಿದ್ದವು. ಸ್ಟುಡಿಯೊ ಕೈಬದಲಾಯಿತು, ಅವಳ ಕೆಲಸ ಹೋಯಿತು. ಹೊಸ ಕೆಲಸದಲ್ಲಿ ಬಿಡುವೂ ಇಲ್ಲ, ಒಂಟಿ ಮೇಜೂ ಇಲ್ಲ. ಪತ್ರಿಕೆ ನಿಂತಿತು. ಒಂದು ದೇಶದ ಮೊದಲ ಲೆಸ್ಬಿಯನ್ ಪತ್ರಿಕೆ ಆಫೀಸಿನ ಬಿಡುವಿನ ಮೇಲೆ ನಿಂತಿತ್ತು ಎನ್ನುವುದು ತಮಾಷೆಯಾಗಿ ಕೇಳುತ್ತದೆ, ಆದರೆ ಸಣ್ಣ ಪತ್ರಿಕೆ ನಡೆಸಿದವರಿಗೆ ಇದು ಹೊಸದೇನಲ್ಲ.

ಕೆಲವು ವರ್ಷಗಳ ನಂತರ ಬೇರೆ ಪತ್ರಿಕೆಗೆ ಬರೆಯುವಾಗ ಅವಳಿಗೆ ಒಂದು ಗುಪ್ತನಾಮ ಬೇಕಾಯಿತು. 'ಐಮಾ ಸ್ಪಿನ್ಸ್‌ಟರ್', ಅಂದರೆ 'ನಾನು ಮದುವೆಯಾಗದವಳು' ಎಂಬರ್ಥ ಬರುವ ಹೆಸರನ್ನು ಸೂಚಿಸಿದಳು. ಸಂಪಾದಕರು ಬೇಡವೆಂದರು. ಆಗ 'ಲೆಸ್ಬಿಯನ್' ಪದದ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿ 'ಲೀಸಾ ಬೆನ್' ಆದಳು. ಇತಿಹಾಸದಲ್ಲಿ ಅವಳು ಉಳಿದಿರುವುದು ಆ ಹೆಸರಿನಲ್ಲೇ. 2015ರಲ್ಲಿ ತೀರಿಕೊಂಡಾಗ ಅವಳಿಗೆ 94 ವರ್ಷ.

ಅಂಚೆ ಎಂದರೆ ಯಾಕಷ್ಟು ಭಯ?

ಅಮೆರಿಕದಲ್ಲಿ 1873ರಿಂದ ಕಾಮ್‌ಸ್ಟಾಕ್ ಕಾಯಿದೆ ಎಂಬುದಿತ್ತು. 'ಅಶ್ಲೀಲ' ಎನಿಸಿದ ಯಾವುದನ್ನೂ ಅಂಚೆಯಲ್ಲಿ ಕಳಿಸುವಂತಿಲ್ಲ, ಕಳಿಸಿದರೆ ಜೈಲು. ಅಶ್ಲೀಲ ಯಾವುದು ಎಂದು ಮೊದಲು ತೀರ್ಮಾನಿಸುವವರು ಅಂಚೆ ಅಧಿಕಾರಿಗಳು. ಬೆತ್ತಲೆ ಚಿತ್ರವೋ ಕೊಳಕು ಮಾತೋ ಇರಲೇಬೇಕೆಂದಿಲ್ಲ, ಸಲಿಂಗ ಪ್ರೇಮವನ್ನು ಸಹಾನುಭೂತಿಯಿಂದ ಬರೆದರೂ ಸಾಕಿತ್ತು.

ಈ ವಿಷಯದಲ್ಲಿ ಬ್ರಿಟಿಷ್ ಭಾರತವೂ ಹಿಂದೆ ಬಿದ್ದಿರಲಿಲ್ಲ. 1898ರ ಅಂಚೆ ಕಾಯಿದೆಯ 20ನೇ ಕಲಮು ಅಸಭ್ಯ ಅಥವಾ ಅಶ್ಲೀಲ ಮುದ್ರಣವನ್ನು ಅಂಚೆಯಲ್ಲಿ ಕಳಿಸುವುದನ್ನು ನಿಷೇಧಿಸಿತ್ತು. 1940ರ ದಶಕದಲ್ಲಿ ಹೆಂಗಸರಿಬ್ಬರ ಸಂಬಂಧವನ್ನು ಸೂಚ್ಯವಾಗಿ ಹೇಳಿದ ಒಂದು ಉರ್ದು ಕಥೆಗಾಗಿ ಇಸ್ಮತ್ ಚುಗ್ತಾಯಿ ಲಾಹೋರಿನ ಕೋರ್ಟು ಹತ್ತಬೇಕಾಯಿತು. ಅಶ್ಲೀಲವೆನ್ನುವ ಒಂದು ಪದವನ್ನೂ ಸಾಕ್ಷಿಗಳಿಗೆ ತೋರಿಸಲಾಗದೆ ಕೇಸು ಬಿದ್ದುಹೋಯಿತು.

ಅಮೆರಿಕದಲ್ಲಿ ಈ ಪ್ರಶ್ನೆ ಕೋರ್ಟಿಗೆ ಹೋದದ್ದು 'ವನ್' ಎಂಬ ಪತ್ರಿಕೆಯಿಂದ. 1953ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಇದರಲ್ಲಿ ಗಂಡಸರೂ ಹೆಂಗಸರೂ ಇದ್ದರು. 1954ರ ಅಕ್ಟೋಬರ್ ಸಂಚಿಕೆಯನ್ನು ಊರಿನ ಪೋಸ್ಟ್‌ಮಾಸ್ಟರ್ ತಡೆಹಿಡಿದರು. ಆ ಸಂಚಿಕೆಯ ಮುಖ್ಯ ಲೇಖನವೇ, ಏನನ್ನು ಅಚ್ಚು ಹಾಕಬಹುದು ಏನನ್ನು ಹಾಕಬಾರದು ಎಂದು ಪತ್ರಿಕೆಯ ವಕೀಲರು ಬರೆದದ್ದು! ಅಧಿಕಾರಿಗಳಿಗೆ ಅಶ್ಲೀಲವಾಗಿ ಕಂಡದ್ದರಲ್ಲಿ ಒಂದು ಲೆಸ್ಬಿಯನ್ ಕಥೆ. ಅದರಲ್ಲಿ ಯುವತಿಯೊಬ್ಬಳು ತನ್ನನ್ನು ಮದುವೆಯಾಗಬಯಸಿದ ಹುಡುಗನನ್ನು ಬಿಟ್ಟು ತಾನು ಪ್ರೀತಿಸುವ ಹೆಂಗಸಿನ ಜೊತೆ ಉಳಿಯುತ್ತಾಳೆ. ಅವಳು ಕಡೆಗೆ ಪಶ್ಚಾತ್ತಾಪ ಪಟ್ಟಿದ್ದರೋ ಸತ್ತುಹೋಗಿದ್ದರೋ ತಕರಾರು ಬರುತ್ತಿತ್ತೇ ಎಂಬುದು ಅನುಮಾನ.

ಕೆಳಗಿನ ಎರಡೂ ಕೋರ್ಟುಗಳಲ್ಲಿ ಪತ್ರಿಕೆ ಸೋತಿತು. ವಕೀಲ ಎರಿಕ್ ಜುಲ್ಬರ್ ಫೀಸಿಲ್ಲದೆ ವಾದಿಸುತ್ತಿದ್ದ ಯುವಕ, ಬಿಡದೆ ಸುಪ್ರೀಂ ಕೋರ್ಟಿಗೆ ಹೋದ. 1958ರ ಜನವರಿ 13ರಂದು ಸುಪ್ರೀಂ ಕೋರ್ಟು ಮೌಖಿಕ ವಾದವನ್ನೂ ಕೇಳದೆ, ಒಂದೇ ಸಾಲಿನ ಆದೇಶದಲ್ಲಿ ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ಸಲಿಂಗ ಪ್ರೇಮದ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಲ್ಲ ಎಂಬುದು ಅದರ ಫಲಿತಾರ್ಥ. ಅಲ್ಲಿಂದ ಮುಂದೆ ಇಂಥ ಪತ್ರಿಕೆಗಳಿಗೆ ಅಂಚೆ ದಾರಿ ತೆರೆಯಿತು.

ಎಂಟು ಮಂದಿ ಹೆಂಗಸರು, ಒಂದು ಏಣಿ

ತೀರ್ಪು ಬರುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. 1955ರಲ್ಲಿ ನಾಲ್ಕು ಜೋಡಿ, ಅಂದರೆ ಎಂಟು ಹೆಂಗಸರು ಸೇರಿ ಒಂದು ಸಂಘ ಕಟ್ಟಿದರು. ಮೊದಲು ಬೇಕಿದ್ದದ್ದು ಕ್ರಾಂತಿಯಲ್ಲ, ಪೊಲೀಸರ ಕಾಟವಿಲ್ಲದೆ ಒಟ್ಟಿಗೆ ಕುಣಿಯಲು ಒಂದು ಜಾಗ. ಬಾರುಗಳ ಮೇಲೆ ಆಗಾಗ ದಾಳಿಯಾಗುತ್ತಿತ್ತು. ಸಿಕ್ಕಿಬಿದ್ದವರಿಗೆ ನೌಕರಿ ಹೋಗುವ ಭಯ. ಕೇಂದ್ರ ಸರ್ಕಾರವೇ 1953ರ ಆದೇಶದಿಂದ ಸಲಿಂಗ ಪ್ರೇಮಿಗಳನ್ನು ಕೆಲಸದಿಂದ ತೆಗೆಯುತ್ತಿತ್ತು. ಮನೋವೈದ್ಯರ ಕೈಪಿಡಿಯಲ್ಲಿ 1952ರಿಂದ ಇದು ಕಾಯಿಲೆಯ ಪಟ್ಟಿಯಲ್ಲಿತ್ತು.

ಸಂಘಕ್ಕೆ 'ಡಾಟರ್ಸ್ ಆಫ್ ಬಿಲಿಟಿಸ್' ಎಂದು ಹೆಸರಿಟ್ಟರು. ಬಿಲಿಟಿಸ್ ಎಂದರೆ ಫ್ರೆಂಚ್ ಕವಿಯೊಬ್ಬ ಕಲ್ಪಿಸಿದ, ಸ್ಯಾಫೊ ಕಾಲದವಳೆಂದು ಹೇಳಲಾದ ಹೆಣ್ಣು. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಉಳಿದವರು ಯಾವುದೋ ಕಾವ್ಯಪ್ರೇಮಿ ಮಹಿಳಾ ಸಂಘ ಎಂದುಕೊಳ್ಳುತ್ತಾರೆ ಎಂಬುದು ಲೆಕ್ಕಾಚಾರ. ಮುಂದಾಳುಗಳಾದವರು ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್. ಇಬ್ಬರಿಗೂ ಪತ್ರಿಕೆಯ ಕೆಲಸ ಗೊತ್ತಿತ್ತು, ಇಬ್ಬರೂ 1953ರ ಪ್ರೇಮಿಗಳ ದಿನದಂದು ಒಂದೇ ಮನೆಯಲ್ಲಿ ಸಂಸಾರ ಹೂಡಿದವರು.

1956ರ ಅಕ್ಟೋಬರಿನಲ್ಲಿ ಸಂಘದ ಪತ್ರಿಕೆ ಬಂತು: 'ದ ಲ್ಯಾಡರ್', ಅಂದರೆ ಏಣಿ. ಮುಖಪುಟದ ರೇಖಾಚಿತ್ರದಲ್ಲಿ ಮೋಡದೊಳಗೆ ಹೋಗುವ ಏಣಿ, ಬುಡದಲ್ಲಿ ಮನುಷ್ಯಾಕೃತಿಗಳು. ಈ ಸಲ ಕಾರ್ಬನ್ ಅಲ್ಲ, ಸೈಕ್ಲೋಸ್ಟೈಲ್. ನಮ್ಮ ಶಾಲೆಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಂಡವರಿಗೆ ಇದನ್ನು ಹೇಳಬೇಕಿಲ್ಲ. ರಿಬ್ಬನ್ ತೆಗೆದು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡಿದರೆ ಅಕ್ಷರದ ಜಾಗದಲ್ಲಿ ಸಣ್ಣ ತೂತು ಬೀಳುತ್ತದೆ. ಅದನ್ನು ಶಾಯಿಯ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಒಂದೊಂದೇ ಹಾಳೆ ಅಚ್ಚಾಗಿ ಬೀಳುತ್ತದೆ. ಮೊದಲ ಸಂಚಿಕೆಯ 175 ಪ್ರತಿ ಹೀಗೆ ತಯಾರಾದವು. ಯಾರಿಗೆ ಕಳಿಸುವುದು? ಗೊತ್ತಿದ್ದವರಿಗೆಲ್ಲ ಕಳಿಸಿದರು. ಜೊತೆಗೆ ಟೆಲಿಫೋನ್ ಡೈರೆಕ್ಟರಿ ತೆರೆದು ಮಹಿಳಾ ವಕೀಲರು, ವೈದ್ಯರ ವಿಳಾಸಕ್ಕೂ ಹಾಕಿದರು. ಹೊರಗೆ ಏನೂ ಬರೆಯದ ಕಂದು ಲಕೋಟೆ.

ಒಳಗೆ ಕಥೆ, ಕವಿತೆ, ಪುಸ್ತಕ ಪರಿಚಯ ಇದ್ದವು. ಅದಕ್ಕಿಂತ ಮುಖ್ಯವಾಗಿ, ಕೈಗೆ ಬರುವ ಉಪಯುಕ್ತ ಮಾಹಿತಿಯಿತ್ತು. ಮೊದಲ ಸಂಚಿಕೆಗೆ ಕೆಲವೇ ದಿನ ಮುಂಚೆ ಊರಿನ ಒಂದು ಬಾರಿನ ಮೇಲೆ ದಾಳಿ ನಡೆದು 36 ಹೆಂಗಸರು ಬಂಧಿತರಾಗಿದ್ದರು. ಹೆಚ್ಚಿನವರು ಹೆದರಿ ತಪ್ಪೊಪ್ಪಿಕೊಂಡುಬಿಟ್ಟಿದ್ದರು. ಬಂಧನವಾದಾಗ ನಾಗರಿಕರಿಗೆ ಯಾವ ಹಕ್ಕುಗಳಿವೆ ಎಂಬ ವಿಷಯವನ್ನು ಪತ್ರಿಕೆ ಕೈಗೆತ್ತಿಕೊಂಡಿತು.

'ನಿಮ್ಮ ಹೆಸರು ಸುರಕ್ಷಿತ'

ಚಂದಾದಾರಳಾಗಬೇಕೆಂದರೆ ಹೆಸರು, ವಿಳಾಸ ಕೊಡಬೇಕು. ಅದೇ ದೊಡ್ಡ ಅಡ್ಡಿ. ಪಟ್ಟಿ ಪೊಲೀಸರ ಕೈಗೆ ಸಿಕ್ಕರೆ? ಮಾಲೀಕರಿಗೆ ಗೊತ್ತಾದರೆ?

ಎರಡನೇ ಸಂಚಿಕೆಯಲ್ಲೇ 'ನಿಮ್ಮ ಹೆಸರು ಸುರಕ್ಷಿತ' ಎಂಬ ಲೇಖನ ಬಂತು. ಪುಸ್ತಕ ಕೊಂಡವರ ಹೆಸರು ಹೇಳಲು ಒಪ್ಪದ ರೂಮ್ಲಿ ಎಂಬ ಪ್ರಕಾಶಕನ ಪರವಾಗಿ 1953ರಲ್ಲಿ ಸುಪ್ರೀಂ ಕೋರ್ಟು ಕೊಟ್ಟಿದ್ದ ತೀರ್ಪನ್ನು ಅದು ಆಧಾರವಾಗಿ ತೋರಿಸಿತು. ತಮಾಷೆಯೆಂದರೆ, ಹೆಸರು ಕೊಡಲು ಹೆದರಬೇಡಿ ಎಂದ ಆ ಲೇಖನಕ್ಕೆ ಸಹಿ ಹಾಕಿದ 'ಆ್ಯನ್ ಫರ್ಗುಸನ್' ಎಂಬ ಸಂಪಾದಕಿಯೇ ಇರಲಿಲ್ಲ. ಅದು ಫಿಲಿಸ್ ಲಯನ್ ಇಟ್ಟುಕೊಂಡಿದ್ದ ಗುಪ್ತನಾಮ. ಇದು ಅವಳಿಗೂ ಚುಚ್ಚಿತು. 1957ರ ಜನವರಿ ಸಂಚಿಕೆಯಲ್ಲಿ ಆ್ಯನ್ ಫರ್ಗುಸನ್ ಸತ್ತಳು ಎಂದು ತಾನೇ ಪ್ರಕಟಿಸಿ, ಕೊಂದವಳು ನಾನೇ, ನನ್ನ ಹೆಸರು ಫಿಲಿಸ್ ಲಯನ್ ಎಂದು ಬರೆದಳು.

ಭಯ ಸುಳ್ಳಾಗಿರಲಿಲ್ಲ. ಎಫ್‌ಬಿಐ ಈ ಸಂಘದ ಮೇಲೆ ಕಡತ ತೆರೆದಿತ್ತು. 1959ರ ಮೇಯರ್ ಚುನಾವಣೆಯಲ್ಲಿ ರಸೆಲ್ ವೋಲ್ಡನ್ ಎಂಬ ಅಭ್ಯರ್ಥಿ, ಈಗಿನ ಮೇಯರ್ ಊರನ್ನು ಸಲಿಂಗಿಗಳ ಅಡ್ಡೆ ಮಾಡಿದ್ದಾನೆ, ಹೆಣ್ಣುಮಕ್ಕಳ ತಂದೆತಾಯಿ ಎಚ್ಚರವಾಗಿರಿ ಎಂದು ಡಾಟರ್ಸ್ ಆಫ್ ಬಿಲಿಟಿಸ್ ಹೆಸರು ಎತ್ತಿಯೇ ಪ್ರಚಾರ ಮಾಡಿದ. ಸಂಘದವರು ಮೊದಲು ಮಾಡಿದ ಕೆಲಸ, ವಿಳಾಸಗಳ ಪಟ್ಟಿಯನ್ನು ಕಚೇರಿಯಿಂದ ಬೇರೆಡೆಗೆ ಸಾಗಿಸಿದ್ದು. ವೋಲ್ಡನ್ ಸೋತ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಸಂಘದ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಬಂದ ಪೊಲೀಸರು, ನಿಮ್ಮವರು ಗಂಡಸರ ಬಟ್ಟೆ ತೊಡುತ್ತಾರೆಯೇ ಎಂದು ಕೇಳಿದರು. ಡೆಲ್ ಮಾರ್ಟಿನ್ ಒಳಗೆ ಕರೆದು ತೋರಿಸಿದಳು. ಎಲ್ಲರೂ ಗೌನಿನಲ್ಲಿದ್ದರು.

ಬಟ್ಟೆಯ ಜಗಳ, ಮುಖದ ಜಗಳ

ಆ ಗೌನಿನ ಹಿಂದೆ ಪತ್ರಿಕೆಯ ಪುಟಗಳಲ್ಲಿ ವರ್ಷಗಟ್ಟಲೆ ನಡೆದ ವಾದವೊಂದಿದೆ. ಸಮಾಜ ಒಪ್ಪುವ ಹಾಗೆ ಉಡಿ, ನಡೆದುಕೊಳ್ಳಿ ಎಂಬುದು ಸಂಘದ ಘೋಷಿತ ಉದ್ದೇಶಗಳಲ್ಲೇ ಸೇರಿತ್ತು. ಪ್ಯಾಂಟು ಹಾಕಿ, ಕೂದಲು ಕತ್ತರಿಸಿಕೊಂಡು ಓಡಾಡುವವರಿಂದ ಎಲ್ಲರಿಗೂ ಕೆಟ್ಟ ಹೆಸರು ಎಂದು ಕೆಲವರು, ನಮ್ಮ ಬಟ್ಟೆ ನಮ್ಮಿಷ್ಟ ಎಂದು ಕೆಲವರು. 1957ರಲ್ಲಿ 'ಎಲ್.ಎಚ್.ಎನ್.' ಎಂಬ ಅಕ್ಷರಗಳಷ್ಟೇ ಇದ್ದ ಪತ್ರವೊಂದು ಬಂತು. ಬರೆದಾಕೆ ಕಪ್ಪು ಮಹಿಳೆ. ಒಳ್ಳೆಯ ಬಟ್ಟೆ, ಒಳ್ಳೆಯ ನಡತೆ ತೋರಿಸಿದರೆ ಬಿಳಿಯರು ಗೌರವಿಸುತ್ತಾರೆ ಎಂಬ ಬುದ್ಧಿವಾದ ತನ್ನ ಜನಕ್ಕೂ ಹೊಸದಲ್ಲ ಎಂಬ ಅನುಭವದಿಂದ ಈ ಚರ್ಚೆಯನ್ನು ನೋಡಿದವಳು. ಅವಳು ಲೊರೇನ್ ಹ್ಯಾನ್ಸ್‌ಬರಿ. ಎರಡು ವರ್ಷಗಳ ನಂತರ, ನ್ಯೂಯಾರ್ಕಿನ ಹೆಸರಾಂತ ರಂಗಭೂಮಿಯಾದ ಬ್ರಾಡ್‌ವೇಯಲ್ಲಿ ತಾನು ಬರೆದ ನಾಟಕ ಪ್ರದರ್ಶನಗೊಂಡ ಮೊದಲ ಕಪ್ಪು ನಾಟಕಕಾರ್ತಿಯಾದಳು.

1963ರಲ್ಲಿ ಬಾರ್ಬರಾ ಗಿಟಿಂಗ್ಸ್ ಸಂಪಾದಕಿಯಾದ ಮೇಲೆ ಪತ್ರಿಕೆಯ ಧಾಟಿಯೇ ಬದಲಾಯಿತು. ಮುಖಪುಟದಲ್ಲಿ 'ಲೆಸ್ಬಿಯನ್ ಪತ್ರಿಕೆ' ಎಂದು ಕಾಣುವಂತೆ ಹಾಕಿದಳು. ರೇಖಾಚಿತ್ರ ತೆಗೆದು ನಿಜವಾದ ಹೆಂಗಸರ ಫೋಟೊ ಹಾಕಬೇಕೆಂದಳು. ಆದರೆ ಮುಖ ಕೊಡುವವರು ಯಾರು? ಅವಳ ಸಂಗಾತಿ ಕೇ ಲಹೂಸೆನ್ ಫೋಟೊ ತೆಗೆಯುತ್ತಿದ್ದಳು, ಸಿಗುತ್ತಿದ್ದದ್ದು ಕಪ್ಪು ಕನ್ನಡಕದ ಮುಖ, ಪಕ್ಕಕ್ಕೆ ತಿರುಗಿದ ಮುಖ, ಬೆನ್ನು. 1964ರ ನವೆಂಬರ್ ಸಂಚಿಕೆಯಲ್ಲಿ ಕೊನೆಗೂ ನೇರ ಮುಖವೊಂದು ಬಂತು. ಅದು ಅಮೆರಿಕದವಳದ್ದಲ್ಲ. ಇಂಡೊನೇಷ್ಯಾದಲ್ಲಿದ್ದ ಒಬ್ಬ ಓದುಗಳದು. ತನ್ನ ಊರಲ್ಲಿ ಮಾತಾಡಲು ಯಾರೂ ಇಲ್ಲದ ಒಂಟಿತನವನ್ನು ಅವಳು ಅದೇ ವರ್ಷ ಪತ್ರಿಕೆಗೆ ಬರೆದಿದ್ದಳು. 1966ರ ಜೂನ್ ಮುಖಪುಟದಲ್ಲಿ ಅರ್ನಸ್ಟೀನ್ ಎಕ್‌ಸ್ಟೀನ್ ಎಂಬ ಕಪ್ಪು ಕಾರ್ಯಕರ್ತೆ ಕಾಣಿಸಿಕೊಂಡಳು. ಹಿಂದಿನ ವರ್ಷ ಶ್ವೇತಭವನದ ಎದುರು ಫಲಕ ಹಿಡಿದು ನಡೆದವರಲ್ಲಿ ಅವಳೂ ಒಬ್ಬಳು.

ಬೀದಿಗಿಳಿಯುವುದೋ ಬೇಡವೋ ಎಂಬುದು ಮುಂದಿನ ಜಗಳ. ಗಿಟಿಂಗ್ಸ್ ಬೇಕೆಂದಳು, ಸಂಘದ ಹಿರಿಯರು ಈಗಲೇ ಬೇಡವೆಂದರು. ಮುಖಪುಟದಲ್ಲಿದ್ದ 'ವಯಸ್ಕರಿಗೆ ಮಾತ್ರ' ಎಂಬ ಸಾಲನ್ನು ಅವಳು ಕೇಳದೇ ಕಿತ್ತುಹಾಕಿದ್ದಳು, ಸಂಚಿಕೆಗಳೂ ತಡವಾಗುತ್ತಿದ್ದವು. 1966ರಲ್ಲಿ ಅವಳನ್ನು ತೆಗೆದರು. ಅವಳು ಸುಮ್ಮನಾಗಲಿಲ್ಲ. ಸಲಿಂಗ ಪ್ರೇಮವನ್ನು ಕಾಯಿಲೆಯ ಪಟ್ಟಿಯಿಂದ ತೆಗೆಸಲು ಮನೋವೈದ್ಯರ ಸಮ್ಮೇಳನಗಳಿಗೇ ನುಗ್ಗಿದವರಲ್ಲಿ ಅವಳಿದ್ದಳು. 1973ರ ಡಿಸೆಂಬರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ ಅದನ್ನು ಪಟ್ಟಿಯಿಂದ ತೆಗೆಯಿತು.

ಇದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಎಸ್ಮೆ ಲ್ಯಾಂಗ್ಲಿ 1964ರಲ್ಲಿ 'ಅರೀನಾ ತ್ರೀ' ಶುರುಮಾಡಿದ್ದಳು. ಮದುವೆಯಾದ ಹೆಂಗಸು ಚಂದಾ ಕಟ್ಟಬೇಕಾದರೆ ಗಂಡನ ಒಪ್ಪಿಗೆ ಪತ್ರ ತರಬೇಕೆಂಬ ನಿಯಮ ಅಲ್ಲಿತ್ತು. ಯಾವ ಗಂಡನಾದರೂ ಬಂದು ಕೇಸು ಹಾಕಿಯಾನು ಎಂಬ ಹೆದರಿಕೆ.

ಪಟ್ಟಿಯೊಂದು ಊರು ಬಿಟ್ಟದ್ದು

1968ರಲ್ಲಿ ಬಾರ್ಬರಾ ಗ್ರೀಯರ್ ಸಂಪಾದಕಿಯಾದಳು. ಗಿಟಿಂಗ್ಸ್‌ಗೂ ಮುಂಚಿನಿಂದ 'ಜೀನ್ ಡೇಮನ್' ಎಂಬ ಹೆಸರಿನಲ್ಲಿ ಪುಸ್ತಕ ವಿಮರ್ಶೆ ಬರೆಯುತ್ತಿದ್ದವಳು. ಹೊರಗೆ ಕಾಲ ಬದಲಾಗುತ್ತಿತ್ತು. ಮಹಿಳಾ ಚಳವಳಿ ಏರುತ್ತಿತ್ತು. 1969ರ ಜೂನಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲಿನ ದಾಳಿಗೆ ಜನ ತಿರುಗಿಬಿದ್ದರು. ಸಂಘ ಮಾತ್ರ ಒಳಜಗಳದಲ್ಲಿ ಒಡೆಯುತ್ತಿತ್ತು.

1970ರಲ್ಲಿ ಸಂಘದ ಅಧ್ಯಕ್ಷೆ ರೀಟಾ ಲಪೋರ್ಟ್ ಚಂದಾದಾರರ ಪಟ್ಟಿಯನ್ನು, ಸುಮಾರು 3,800 ವಿಳಾಸಗಳನ್ನು, ಸ್ಯಾನ್ ಫ್ರಾನ್ಸಿಸ್ಕೊದಿಂದ ನೆವಾಡಾ ರಾಜ್ಯಕ್ಕೆ ಸಾಗಿಸಿಬಿಟ್ಟಳು. ಗ್ರೀಯರ್ ಅವಳ ಜೊತೆಗಿದ್ದಳು. ಪತ್ರಿಕೆಯನ್ನು ಮಹಿಳಾ ಚಳವಳಿಯ ಕಡೆಗೆ ಒಯ್ಯಬೇಕು, ಮುಳುಗುವ ಸಂಘದಿಂದ ಬಿಡಿಸಬೇಕು ಎಂಬುದು ಅವರ ವಾದ. ಮಾರ್ಟಿನ್ ಮತ್ತು ಲಯನ್‌ಗೆ ಅದು ಶುದ್ಧ ಕಳವು. ಆದರೆ ಅವರು ಕೋರ್ಟಿಗೆ ಹೋಗಲಿಲ್ಲ. ಹೋದರೆ ಆ ಪಟ್ಟಿಯೇ ಸಾಕ್ಷ್ಯವಾಗಿ ಸರ್ಕಾರದ ಮುಂದೆ ಬರುತ್ತಿತ್ತಲ್ಲ! ಹದಿನಾಲ್ಕು ವರ್ಷ ಕಾಪಾಡಿದ ಹೆಸರುಗಳನ್ನು ಕಾಪಾಡಲಿಕ್ಕಾಗಿಯೇ ಪತ್ರಿಕೆಯನ್ನು ಬಿಟ್ಟುಕೊಟ್ಟರು ಎಂದು ಇದನ್ನು ಓದಬಹುದು.

ಹಣದ ವಿಷಯವೂ ಇದೆ. ತನ್ನ ಹೆಸರು ಹೇಳಲೊಪ್ಪದ ಸಿರಿವಂತ ಮಹಿಳೆಯೊಬ್ಬಳು ವರ್ಷಗಟ್ಟಲೆ 3,000 ಡಾಲರಿನ ಚೆಕ್ಕುಗಳನ್ನು ಬೇರೆಬೇರೆ ಸದಸ್ಯೆಯರ ಹೆಸರಿಗೆ ಬರೆದು ಸಂಘವನ್ನು ನಡೆಸಿದ್ದಳು. ಒಟ್ಟು ಒಂದು ಲಕ್ಷ ಡಾಲರಿನಷ್ಟು. ಸಂಘದಿಂದ ಬೇರೆಯಾದ ಪತ್ರಿಕೆಗೆ ಆ ಆಸರೆ ಉಳಿಯಲಿಲ್ಲ. 1972ರಲ್ಲಿ 'ದ ಲ್ಯಾಡರ್' ನಿಂತಿತು. ಗ್ರೀಯರ್ ಮತ್ತು ಸಂಗಡಿಗರು 1973ರಲ್ಲಿ ನಾಯಡ್ ಪ್ರೆಸ್ ಎಂಬ ಪ್ರಕಾಶನ ಶುರುಮಾಡಿದರು, ಲೆಸ್ಬಿಯನ್ ಪುಸ್ತಕಗಳಿಗೆ ಅದು ದೊಡ್ಡ ಹೆಸರಾಯಿತು. ತನ್ನ ಮೊದಲ ಪುಸ್ತಕಕ್ಕೆ ಗಿರಾಕಿಗಳನ್ನು ಅದು ಹುಡುಕಿದ್ದು ಇದೇ ವಿಳಾಸಗಳ ಪಟ್ಟಿಯಲ್ಲಿ.

ಡೆಲ್ ಮಾರ್ಟಿನ್, ಫಿಲಿಸ್ ಲಯನ್ 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮದುವೆಯಾದರು, ಕೋರ್ಟು ಅದನ್ನು ರದ್ದುಮಾಡಿತು. 2008ರ ಜೂನಿನಲ್ಲಿ ಮತ್ತೆ ಮದುವೆಯಾದರು, ಈ ಸಲ ಊರ್ಜಿತವಾಯಿತು. ಆಗಸ್ಟಿನಲ್ಲಿ ಮಾರ್ಟಿನ್ ತೀರಿಕೊಂಡಳು.

ನಮ್ಮ ಕಡೆ

ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಪತ್ರಿಕೆಗಳು ಮೊದಲು ಹುಟ್ಟಿದ್ದು ಅಮೆರಿಕದಲ್ಲಿ. 1980ರ ದಶಕದ ನಡುವೆ 'ಅನಾಮಿಕಾ' ಎಂಬ ಸುದ್ದಿಪತ್ರ ಕೆಲಕಾಲ ಬಂತು. ಭಾರತದಲ್ಲಿ 1990ರಲ್ಲಿ ಅಶೋಕ್ ರಾವ್ ಕವಿ ಮುಂಬಯಿಯಿಂದ 'ಬಾಂಬೆ ದೋಸ್ತ್' ಹೊರಡಿಸಿದರು, ಅದು ಮುಖ್ಯವಾಗಿ ಗಂಡಸರದು. ದೆಹಲಿ, ಮುಂಬಯಿಗಳಲ್ಲಿ ಆ ದಶಕದಲ್ಲಿ ಹೆಂಗಸರ ಸಣ್ಣ ಗುಂಪುಗಳು ಹುಟ್ಟಿದವು.

ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ 'ಸಂಗಮ' ಮೊದಲಿಗೆ ಮಾಡಿದ್ದು ದಾಖಲೆ ಕೂಡಿಸುವ ಕೆಲಸ, ಪತ್ರಿಕೆಗಳ ತುಣುಕು ಕತ್ತರಿಸಿ ಇಡುವುದು. ಕೇರಳದಲ್ಲಿ 2002ರ ಹೊತ್ತಿಗೆ ಕಣ್ಣು ತೆರೆದ 'ಸಹಯಾತ್ರಿಕಾ' ಗುಂಪಿನವರೂ ಪತ್ರಿಕೆಯ ಸುದ್ದಿಗಳಿಂದಲೇ ಹೊರಟರು. ಇಬ್ಬರು ಯುವತಿಯರು ಒಟ್ಟಿಗೆ ಆತ್ಮಹತ್ಯೆ ಮಾಡಿಕೊಂಡರು ಎಂಬ ಬಗೆಯ ಸುದ್ದಿಗಳವು. ಊರಿನ ಭಾಷೆಯ ಪತ್ರಿಕೆಯಲ್ಲಿ ಇಂಥ ಹೆಣ್ಣುಮಕ್ಕಳ ಹೆಸರು ಬರುತ್ತಿದ್ದದ್ದು ಹೆಚ್ಚಾಗಿ ಸತ್ತ ಮೇಲೆಯೇ.

ಕೋಲ್ಕತ್ತದಲ್ಲಿ 1999ರಲ್ಲಿ ಕೆಲವು ಜೋಡಿಗಳು ಸೇರಿ ಕಟ್ಟಿದ ಗುಂಪಿನ ಹೆಸರು 'ಸ್ಯಾಫೊ'. 2004ರಿಂದ ಅವರು ತಂದ ಪತ್ರಿಕೆ 'ಸ್ವಕಂಠೆ', ಅಂದರೆ ನಮ್ಮದೇ ದನಿಯಲ್ಲಿ. ಅರ್ಧ ಬಂಗಾಳಿ, ಅರ್ಧ ಇಂಗ್ಲಿಷ್. ಪುಸ್ತಕ ಜಾತ್ರೆಯಲ್ಲಿ ಸದಸ್ಯೆಯರೇ ನಿಂತು ಮಾರುತ್ತಿದ್ದರು. ಮುಂದೆ ಸುಪ್ರೀಂ ಕೋರ್ಟಿನಲ್ಲಿ ನಡೆದ ವಿವಾಹ ಸಮಾನತೆಯ ಮೊಕದ್ದಮೆಯಲ್ಲಿ ಅರ್ಜಿದಾರರಾದ ಸಂಘಟನೆಗಳಲ್ಲಿ ಈ ಗುಂಪೂ ಒಂದು.